ಇಂಟರ್ನೆಟ್ ಮೂಲಕ ಕರೆ: ಮಾಡಬೇಕಾದ್ದು, ಮಾಡಬಾರದ್ದು

ಹಳೆಯ ಇಪಿಎಬಿಎಕ್ಸ್ ತೆಗೆಸಿ ಇಂಟರ್ನೆಟ್ಟಿಗೆ ಜೋಡಿಸುವ ಐಪಿ ಫೋನ್ ಹಾಕಿಸಿಕೊಂಡ ನರ್ಸಿಂಗ್ ಹೋಂ, ಲಾಡ್ಜ್, ಸಹಕಾರ ಸಂಘ, ಕಾಲೇಜು, ಸಣ್ಣ ಕಾರ್ಖಾನೆಗಳಿಗೆ ಈ ಸೂಚನೆ. ವಾಟ್ಸ್‌ಆ್ಯಪ್‌ನಲ್ಲೋ ಜೂಮ್‌ನಲ್ಲೋ ದಿನಾ ಮಾತಾಡುವ ಮನೆಮಂದಿಗೂ ಇದರ ಅರ್ಧ ಭಾಗ ಅನ್ವಯಿಸುತ್ತದೆ. ಕಚೇರಿಯಲ್ಲಿ ಫೋನಿನ ಜವಾಬ್ದಾರಿ ಯಾರದೋ ಅವರು ಪೂರ್ತಿ ಓದಬೇಕು. ಮಿಕ್ಕವರು ಎರಡನೆಯ ಭಾಗದಿಂದ ಓದಿದರೂ ಸಾಕು.

ಮೊದಲು ಒಂದು ವಿಷಯ ತಿಳಿದಿರಲಿ. ಲ್ಯಾಂಡ್‌ಲೈನ್ ಕಾಲದಲ್ಲಿ ನಿಮ್ಮ ಲೈನಿನಿಂದ ಕದ್ದು ಕರೆ ಮಾಡಲು ಕಳ್ಳ ನಿಮ್ಮ ಬೀದಿಗೇ ಬರಬೇಕಿತ್ತು, ಕಂಬದ ಬಳಿ ನಿಂತು ತಂತಿ ಮುಟ್ಟಬೇಕಿತ್ತು. ಈಗಿನ ಐಪಿ ಎಕ್ಸ್‌ಚೇಂಜ್ ಒಂದು ಕಂಪ್ಯೂಟರ್. ಅದಕ್ಕೆ ಇಂಟರ್ನೆಟ್ಟಿನಲ್ಲಿ ಒಂದು ವಿಳಾಸವಿದೆ, ಆ ವಿಳಾಸಕ್ಕೆ ಜಗತ್ತಿನ ಯಾವ ಮೂಲೆಯಿಂದಲಾದರೂ ಬಂದು ಬಾಗಿಲು ತಟ್ಟಬಹುದು. ಹಗಲೂ ರಾತ್ರಿ ತಟ್ಟುತ್ತಲೇ ಇದ್ದಾರೆ. ಯಂತ್ರ ಮಾರುವವರು ಕರೆಯ ಖರ್ಚು ಎಷ್ಟು ಉಳಿಯುತ್ತದೆ ಎಂದು ವಿವರವಾಗಿ ಹೇಳುತ್ತಾರೆ, ಈ ಬಾಗಿಲಿನ ಮಾತು ಎತ್ತುವುದು ಅಪರೂಪ. ಆದ್ದರಿಂದ ಕೇಳಬೇಕಾದವರು ನೀವೇ.

1. ಎಕ್ಸ್‌ಚೇಂಜ್ ಇಟ್ಟುಕೊಂಡವರಿಗೆ

ಯಂತ್ರ ಕೂರಿಸಿದ ದಿನವೇ ಎಲ್ಲ ಪಾಸ್‌ವರ್ಡ್ ಬದಲಿಸಿ. ಅಡ್ಮಿನ್ ಪಾಸ್‌ವರ್ಡ್ ಒಂದನ್ನೇ ಬದಲಿಸಿದರೆ ಸಾಲದು, ಪ್ರತಿ ಎಕ್ಸ್‌ಟೆನ್ಷನ್‌ಗೂ, ಪ್ರತಿ ಫೋನಿನ ಒಳಗಿನ ಸೆಟ್ಟಿಂಗ್ ಪುಟಕ್ಕೂ, ವಾಯ್ಸ್‌ಮೇಲ್‌ಗೂ ಬೇರೆ ಬೇರೆ ಇಡಬೇಕು. ಎಕ್ಸ್‌ಟೆನ್ಷನ್ ನಂಬರ್ 101, ಪಾಸ್‌ವರ್ಡೂ 101 ಎಂದು ಇಟ್ಟು ಹೋಗುವುದು ಕೂರಿಸುವ ಹುಡುಗರ ರೂಢಿ, ಅವರಿಗೆ ಕೆಲಸ ಬೇಗ ಮುಗಿಯಬೇಕು. ಇಂಥ ಎಕ್ಸ್‌ಚೇಂಜ್ ಹುಡುಕುವ ಕಳ್ಳನ ತಂತ್ರಾಂಶ ಮೊದಲು ಪ್ರಯತ್ನಿಸುವುದೂ ಇದನ್ನೇ: 100, 101, 102, 1001 ಎಂದು ಸಾಲಾಗಿ ಎಕ್ಸ್‌ಟೆನ್ಷನ್ ಕೇಳುತ್ತಾ ಹೋಗುತ್ತದೆ. ಇದೆ ಎಂದು ಉತ್ತರ ಬಂದ ನಂಬರಿಗೆ ಅದೇ ಅಂಕಿಯನ್ನು ಪಾಸ್‌ವರ್ಡ್ ಆಗಿ ಕೊಟ್ಟು ನೋಡುತ್ತದೆ. ನೆನಪಿಡಲು ಆಗದಷ್ಟು ಉದ್ದದ ಪಾಸ್‌ವರ್ಡ್ ಇಡಿ. ಅದನ್ನು ಯಾರೂ ದಿನಾ ಟೈಪ್ ಮಾಡುವುದಿಲ್ಲ, ಫೋನಿನೊಳಗೆ ಒಮ್ಮೆ ಹಾಕಿದರೆ ಮುಗಿಯಿತು.

ಈ ಮಾತಿಗೆ ಹಳೆಯ ಸಾಕ್ಷಿಯೊಂದಿದೆ. ಅಮೆರಿಕದಲ್ಲಿ ಎಡ್ವಿನ್ ಪೆನಾ ಎಂಬಾತ ಕಡಿಮೆ ದರಕ್ಕೆ ಇಂಟರ್ನೆಟ್ ಕರೆಯ ನಿಮಿಷಗಳನ್ನು ಮಾರುವ ವ್ಯಾಪಾರಿಯಾಗಿ ತೋರಿಸಿಕೊಂಡ. ಗ್ರಾಹಕರ ಕರೆಗಳನ್ನೆಲ್ಲ ಬೇರೆ ಕಂಪನಿಗಳ ಜಾಲಕ್ಕೆ ಕಳ್ಳದಾರಿಯಿಂದ ನುಗ್ಗಿಸಿ 1 ಕೋಟಿಗೂ ಹೆಚ್ಚು ನಿಮಿಷ ಮಾರಿದ. 2006ರಲ್ಲಿ ಬಂಧನವಾಯಿತು, ಜಾಮೀನಿನ ಮೇಲೆ ಹೊರಬಂದವನು ಮೆಕ್ಸಿಕೋಕ್ಕೆ ಓಡಿಹೋದ, ಮತ್ತೆ ಸಿಕ್ಕಿಬಿದ್ದು 2010ರಲ್ಲಿ 10 ವರ್ಷ ಸೆರೆವಾಸದ ಶಿಕ್ಷೆ ಪಡೆದ. ಅವನಿಗಾಗಿ ಜಾಲಗಳನ್ನು ಜಾಲಾಡಿದ ರಾಬರ್ಟ್ ಮೂರ್ ಎಂಬ ಯುವಕ ಆಮೇಲೆ ಹೇಳಿದ್ದೇನೆಂದರೆ, ತಾನು ಒಳನುಗ್ಗಿದ ಯಂತ್ರಗಳಲ್ಲಿ ಹೆಚ್ಚಿನವು ಕಾರ್ಖಾನೆಯಿಂದ ಬಂದ ಪಾಸ್‌ವರ್ಡಿನಲ್ಲೇ ಇದ್ದವು. ಅಷ್ಟು ವರ್ಷಗಳ ನಂತರವೂ ನಮ್ಮ ಎಷ್ಟೋ ಕಚೇರಿಗಳ ಸ್ಥಿತಿ ಅದೇ.

ಐಎಸ್‌ಡಿ ಬೇಡದಿದ್ದರೆ ಇವತ್ತೇ ಮುಚ್ಚಿಸಿ. ಎಕ್ಸ್‌ಚೇಂಜಿನಲ್ಲೂ ಮುಚ್ಚಬೇಕು, ಲೈನ್ ಕೊಟ್ಟ ಕಂಪನಿಗೆ ಪತ್ರ ಬರೆದು ಅವರ ಕಡೆಯಿಂದಲೂ ಮುಚ್ಚಿಸಬೇಕು. ಎಕ್ಸ್‌ಚೇಂಜಿನಲ್ಲಿ ಮಾತ್ರ ಮುಚ್ಚಿದರೆ, ಯಂತ್ರ ಕಳ್ಳನ ಕೈಗೆ ಸಿಕ್ಕ ಕ್ಷಣ ಅವನೇ ತೆರೆದುಕೊಳ್ಳುತ್ತಾನೆ. ಕೆಲವು ದೇಶಗಳಿಗೆ ಮಾತ್ರ ಕರೆ ಬೇಕಾದರೆ ಆ ದೇಶಗಳನ್ನಷ್ಟೇ ತೆರೆಸಿ.

ಇದರ ಹಿಂದಿನ ವ್ಯವಹಾರ ಅರ್ಥವಾದರೆ ಇಷ್ಟು ಬಿಗಿ ಏಕೆ ಎಂಬುದು ತಿಳಿಯುತ್ತದೆ. ಕೆಲವು ದೇಶಗಳಲ್ಲಿ ವಿಪರೀತ ದರದ ನಂಬರುಗಳಿವೆ. ಆ ನಂಬರಿಗೆ ಕರೆ ಬಂದಷ್ಟೂ ಅದನ್ನು ಬಾಡಿಗೆ ಹಿಡಿದವನಿಗೆ ನಿಮಿಷಕ್ಕಿಷ್ಟು ಎಂದು ಪಾಲು ಸಿಗುತ್ತದೆ. ವಂಚಕ ಮೊದಲು ಅಂಥ ನಂಬರುಗಳನ್ನು ಹಿಡಿಯುತ್ತಾನೆ, ಆಮೇಲೆ ನಿಮ್ಮ ಎಕ್ಸ್‌ಚೇಂಜಿಗೆ ನುಗ್ಗಿ ಅಲ್ಲಿಂದ ಒಟ್ಟೊಟ್ಟಿಗೆ ಹತ್ತಾರು ಕರೆ ಮಾಡಿಸುತ್ತಾನೆ. ಅತ್ತ ಯಾರೂ ಮಾತಾಡುವುದಿಲ್ಲ, ಮೀಟರ್ ಮಾತ್ರ ಓಡುತ್ತದೆ. ಶನಿವಾರ ಸಂಜೆ ಕಚೇರಿಗೆ ಬೀಗ ಬಿದ್ದ ಮೇಲೆ ಶುರುವಾದರೆ ಸೋಮವಾರ ಬೆಳಿಗ್ಗೆ ರಿಸೆಪ್ಷನ್‌ನವರು ಬರುವ ತನಕ ಕೇಳುವವರಿಲ್ಲ. ಕರೆ ನಿಮ್ಮ ಲೈನಿನಿಂದಲೇ ಹೋದದ್ದರಿಂದ ಬಿಲ್ ನಿಮ್ಮ ಹೆಸರಿಗೇ ಬರುತ್ತದೆ, ನಾವು ಮಾಡಿಲ್ಲ ಎಂಬ ವಾದ ಸುಲಭವಾಗಿ ನಡೆಯುವುದಿಲ್ಲ.

ಆದ್ದರಿಂದ ದಿನದ ಖರ್ಚಿಗೆ ಮಿತಿ ಹಾಕಿಸಿ. ಪ್ರೀಪೇಯ್ಡ್ ಲೈನ್ ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ, ಹಣ ಖಾಲಿಯಾದರೆ ತಾನಾಗಿ ತುಂಬಿಕೊಳ್ಳುವ ಸೌಲಭ್ಯ ಬೇಡ ಎನ್ನಿ. ಒಂದು ಎಕ್ಸ್‌ಟೆನ್ಷನ್‌ನಿಂದ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಕರೆ ಹೋಗದಂತೆ ಕಟ್ಟು ಹಾಕಿ. ಕಚೇರಿ ಮುಚ್ಚಿದ ಮೇಲೆ ಹೊರಗಿನ ಕರೆ ಹೋಗಲೇಬೇಕೆಂಬ ಅಗತ್ಯ ಆಸ್ಪತ್ರೆ, ಲಾಡ್ಜ್‌ಗಳಿಗಿದೆ. ಸಹಕಾರ ಸಂಘಕ್ಕಾಗಲಿ ಕಾಲೇಜಿಗಾಗಲಿ ಇಲ್ಲ. ಅಂಥಲ್ಲಿ ರಾತ್ರಿ ಮತ್ತು ರಜಾ ದಿನ ಹೊರಕರೆ ಬಂದ್ ಮಾಡಿಡಿ.

5060 ಎಂಬ ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಡಬೇಡಿ. ಕರೆ ಜೋಡಿಸುವ ಎಸ್‌ಐಪಿ ಪದ್ಧತಿ ಬಳಸುವ ಮಾಮೂಲು ಬಾಗಿಲು ಅದು. ಲೈನ್ ಕೊಟ್ಟ ಕಂಪನಿಯ ವಿಳಾಸದಿಂದ ಬಂದದ್ದನ್ನು ಮಾತ್ರ ಒಳಬಿಟ್ಟು ಉಳಿದದ್ದನ್ನೆಲ್ಲ ಫೈರ್‌ವಾಲ್‌ನಲ್ಲೇ ತಡೆಯಿರಿ. ಪೋರ್ಟ್ ನಂಬರ್ ಬದಲಿಸಿದ್ದೇವೆ, ಇನ್ನು ಭಯವಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಬೇರೆ ಪೋರ್ಟುಗಳನ್ನೂ ಹುಡುಕುವವರಿದ್ದಾರೆ. ಮನೆಯಿಂದ ಕೆಲಸ ಮಾಡುವ ಸಿಬ್ಬಂದಿಗೆ ಎಕ್ಸ್‌ಟೆನ್ಷನ್ ಬೇಕಾದರೆ ವಿಪಿಎನ್ ಮೂಲಕ ಕೊಡಿ. ತಪ್ಪು ಪಾಸ್‌ವರ್ಡ್ ಮತ್ತೆ ಮತ್ತೆ ಕೊಡುವ ವಿಳಾಸವನ್ನು ತಾನಾಗಿ ತಡೆಯುವ ಫೇಲ್‌ಟುಬ್ಯಾನ್‌ನಂಥ ಏರ್ಪಾಡು ಚಾಲನೆಯಲ್ಲಿರಲಿ. ವಾರಕ್ಕೊಮ್ಮೆ ಲಾಗ್ ತೆರೆದು ನೋಡಿ. ಅದರಲ್ಲಿ ‘ಫ್ರೆಂಡ್ಲಿ ಸ್ಕ್ಯಾನರ್’ ಎಂಬ ಹೆಸರು ಕಂಡರೆ, ಹೆಸರಿನಲ್ಲಿ ಸ್ನೇಹವಿದ್ದರೂ ಯಾರೋ ನಿಮ್ಮ ಎಕ್ಸ್‌ಟೆನ್ಷನ್‌ಗಳನ್ನು ಎಣಿಸುತ್ತಿದ್ದಾರೆ ಎಂದೇ ಅರ್ಥ.

ಅಡ್ಮಿನ್ ಪುಟ ಹೊರಗಿನಿಂದ ತೆರೆಯುವಂತೆ ಬಿಡಲೇ ಕೂಡದು. ಪಾಸ್‌ವರ್ಡ್ ಎಷ್ಟೇ ಗಟ್ಟಿಯಾಗಿದ್ದರೂ ತಂತ್ರಾಂಶದಲ್ಲೇ ದೋಷವಿದ್ದರೆ ಅದು ಕೆಲಸಕ್ಕೆ ಬರುವುದಿಲ್ಲ. 2020ರ ನವೆಂಬರ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಕಂಪನಿಯ ಸಂಶೋಧಕರು ಹೊರಗೆಡವಿದ ಪ್ರಕರಣದಲ್ಲಿ, ಸುಮಾರು 1,200 ಸಂಸ್ಥೆಗಳ ಎಕ್ಸ್‌ಚೇಂಜುಗಳಿಗೆ ನುಗ್ಗಿದವರು ಬಳಸಿದ್ದು ಲಾಗಿನ್ ಪರೀಕ್ಷೆಯನ್ನೇ ದಾಟಿಸುವ ಒಂದು ದೋಷವನ್ನು. ಅದಕ್ಕೆ ತಿದ್ದುಪಡಿ 2019ರಲ್ಲೇ ಬಂದಿತ್ತು, ಆ ಸಂಸ್ಥೆಗಳು ಹಾಕಿಕೊಂಡಿರಲಿಲ್ಲ ಅಷ್ಟೆ. 2025ರ ಆಗಸ್ಟ್‌ನಲ್ಲಿ ಇನ್ನೂ ಕೆಟ್ಟದ್ದಾಯಿತು. ಫ್ರೀಪಿಬಿಎಕ್ಸ್ ಎಂಬ, ಸಣ್ಣ ಕಚೇರಿಗಳಲ್ಲಿ ಬಹಳ ಬಳಕೆಯಲ್ಲಿರುವ ತಂತ್ರಾಂಶದಲ್ಲಿದ್ದ ದೋಷವನ್ನು ತಿದ್ದುಪಡಿ ಸಿದ್ಧವಾಗುವ ಮೊದಲೇ ದುರುಪಯೋಗ ಮಾಡಿಕೊಂಡರು. ಪೆಟ್ಟು ತಿಂದದ್ದು ಅಡ್ಮಿನ್ ಪುಟವನ್ನು ಇಂಟರ್ನೆಟ್ಟಿಗೆ ತೆರೆದಿಟ್ಟವರು. ಮುಚ್ಚಿಟ್ಟಿದ್ದವರಿಗೆ ತಿದ್ದುಪಡಿ ಬರುವ ತನಕ ಕಾಯಲು ಸಮಯ ಸಿಕ್ಕಿತು.

ಅಪ್‌ಡೇಟ್ ಬಂದ ವಾರದಲ್ಲೇ ಹಾಕಿ. ಆಂಟಿವೈರಸ್ ಏನಾದರೂ ಕೂಗಿದರೆ ‘ಇದು ನಮ್ಮ ಫೋನ್ ಆ್ಯಪ್ ಅಲ್ಲವೇ’ ಎಂದು ಅದರ ಬಾಯಿ ಮುಚ್ಚಿಸಬೇಡಿ. 2023ರ ಮಾರ್ಚ್‌ನಲ್ಲಿ ಐಪಿ ಎಕ್ಸ್‌ಚೇಂಜ್ ತಂತ್ರಾಂಶದ ತ್ರೀಸಿಎಕ್ಸ್ ಕಂಪನಿಯ ಡೆಸ್ಕ್‌ಟಾಪ್ ಆ್ಯಪ್‌ನೊಳಗೇ, ಕಂಪನಿಯ ಸಹಿಯಿದ್ದ ಅಧಿಕೃತ ಫೈಲಿನಲ್ಲೇ, ದುರುದ್ದೇಶದ ಕೋಡ್ ಸೇರಿಕೊಂಡಿತ್ತು. ಎಷ್ಟೋ ಬಳಕೆದಾರರ ಆಂಟಿವೈರಸ್ ದಿನಗಳ ಮೊದಲೇ ಎಚ್ಚರಿಸಿತ್ತು. ಸುಳ್ಳು ಎಚ್ಚರಿಕೆ ಇರಬೇಕೆಂದು ಕೆಲವರು ಅದನ್ನು ವಿನಾಯಿತಿ ಪಟ್ಟಿಗೆ ಸೇರಿಸಿದರು.

ರಿಪೇರಿಗೆ ಬರುವವರ ರಿಮೋಟ್ ಆ್ಯಪ್ ಕೆಲಸ ಮುಗಿದ ಮೇಲೂ ಎಕ್ಸ್‌ಚೇಂಜ್ ಕಂಪ್ಯೂಟರಿನಲ್ಲಿ ಉಳಿಯಕೂಡದು. ಕೆಲಸ ಬಿಟ್ಟವರ ಎಕ್ಸ್‌ಟೆನ್ಷನ್ ಅವತ್ತೇ ತೆಗೆಯಿರಿ. ಅತಿಥಿಗಳಿಗೆ ಕೊಡುವ ವೈಫೈ, ಸಿಸಿ ಕ್ಯಾಮೆರಾ, ಫೋನ್ ಮೂರೂ ಒಂದೇ ಜಾಲದಲ್ಲಿ ಇರಬಾರದು, ರೂಟರ್‌ನಲ್ಲಿ ಬೇರ್ಪಡಿಸಲು ಹೇಳಿ.

2. ಮಾತು ಕದಿಯುವವರ ಬಗ್ಗೆ

ಲೈನ್ ಕೊಡುವ ಕಂಪನಿಗೆ ಲಿಖಿತವಾಗಿ ಒಂದು ಪ್ರಶ್ನೆ ಕೇಳಿ: ಕರೆ ಜೋಡಿಸುವ ಸಂದೇಶಕ್ಕೆ ಟಿಎಲ್‌ಎಸ್, ಮಾತಿಗೆ ಎಸ್‌ಆರ್‌ಟಿಪಿ ಎಂಬ ಗೂಢಲಿಪಿ ರಕ್ಷಣೆ ಎರಡೂ ಇವೆಯೇ? ಇಲ್ಲವೆಂದರೆ ನಿಮ್ಮ ಮಾತು ಜಾಲದಲ್ಲಿ ಬಿಚ್ಚಿದ ರೂಪದಲ್ಲೇ ಹರಿಯುತ್ತದೆ. ಅದೇ ಜಾಲದಲ್ಲಿ ಕೂತು ಆ ಸಂಚಾರವನ್ನು ಹಿಡಿಯಬಲ್ಲವನಿಗೆ, ಉಚಿತವಾಗಿ ಸಿಗುವ ವೈರ್‌ಶಾರ್ಕ್ ತಂತ್ರಾಂಶವೇ ಅದನ್ನು ಜೋಡಿಸಿ ಧ್ವನಿಯಾಗಿ ಕೇಳಿಸುತ್ತದೆ. ದೊಡ್ಡ ವಿದ್ಯೆ ಬೇಕಿಲ್ಲ. ರೋಗಿಯ ವಿಷಯ, ಖಾತೆಯ ವಿಷಯ, ಟೆಂಡರಿನ ದರ ಫೋನಿನಲ್ಲಿ ಆಡುವ ಕಚೇರಿಗಳು ಇದಿಲ್ಲದೆ ಲೈನ್ ತೆಗೆದುಕೊಳ್ಳಬಾರದು.

ಕಂಪ್ಯೂಟರ್ ಆ್ಯಪ್‌ನಿಂದ ಮಾಮೂಲು ಮೊಬೈಲ್ ನಂಬರಿಗೆ ಮಾಡಿದ ಕರೆ ಕೊನೆತನಕ ಗೂಢಲಿಪಿಯಲ್ಲಿದೆ ಎಂದು ನಂಬಬೇಡಿ. ಇಂಟರ್ನೆಟ್ ಮುಗಿದು ಟೆಲಿಫೋನ್ ಜಾಲ ಶುರುವಾಗುವ ಗೇಟ್‌ವೇಯಲ್ಲೇ ಆ ರಕ್ಷಣೆ ಮುಗಿಯುತ್ತದೆ. ಎರಡೂ ಕಡೆ ಒಂದೇ ಆ್ಯಪ್ ಇದ್ದು ಅದು ಎಂಡ್‌ ಟು ಎಂಡ್ ರಕ್ಷಣೆ ಕೊಡುವಂಥದ್ದಾದರೆ ಮಾತ್ರ ಮಾತು ಇಬ್ಬರ ನಡುವೆ ಉಳಿಯುತ್ತದೆ. ಜಾಹೀರಾತಿನ ಮಾತನ್ನೂ ಪೂರ್ತಿ ನಂಬುವಂತಿಲ್ಲ. ತನ್ನಲ್ಲಿ ಅಂಥ ರಕ್ಷಣೆಯಿದೆ ಎಂದು ಹೇಳಿಕೊಂಡಿದ್ದ ಜೂಮ್‌ನಲ್ಲಿ ನಿಜಕ್ಕೂ ಅದು ಇರಲಿಲ್ಲವೆಂದು 2020ರಲ್ಲಿ ಬಯಲಾಯಿತು. ಆ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಅದು ಸುರಕ್ಷಿತ ವೇದಿಕೆಯಲ್ಲ ಎಂದು ಎಚ್ಚರಿಕೆ ಹೊರಡಿಸಿತು. ನಿಜವಾದ ರಕ್ಷಣೆ ಅಕ್ಟೋಬರ್‌ನಲ್ಲಿ ಬಂತು. ಈಗಲೂ ಅದನ್ನು ಸೆಟ್ಟಿಂಗ್‌ನಲ್ಲಿ ಹೋಗಿ ಆನ್ ಮಾಡಬೇಕು.

ಹೋಟೆಲ್, ವಿಮಾನ ನಿಲ್ದಾಣ, ಕಾಫಿ ಅಂಗಡಿಯ ವೈಫೈಯಿಂದ ಗುಟ್ಟಿನ ಸಭೆಗೆ ಸೇರಬೇಡಿ. ಜರ್ಮನಿಯ ವಾಯುಪಡೆಯ ಅಧಿಕಾರಿಗಳು 2024ರ ಫೆಬ್ರವರಿಯಲ್ಲಿ ಟಾರಸ್ ಕ್ಷಿಪಣಿಗಳ ಬಗ್ಗೆ ವೆಬೆಕ್ಸ್‌ನಲ್ಲಿ ಮಾತಾಡಿದ್ದು ಸುಮಾರು 38 ನಿಮಿಷದ ಧ್ವನಿಮುದ್ರಣವಾಗಿ ಮಾರ್ಚ್ 1ರಂದು ರಷ್ಯದಲ್ಲಿ ಬಹಿರಂಗವಾಯಿತು. ಅವರಲ್ಲಿ ಒಬ್ಬರು ಸಿಂಗಪುರದ ಹೋಟೆಲಿನಿಂದ, ಅನುಮತಿಯಿಲ್ಲದ ಸಂಪರ್ಕದ ಮೂಲಕ ಸೇರಿದ್ದರು ಎಂದು ಜರ್ಮನಿಯ ರಕ್ಷಣಾ ಸಚಿವರೇ ಹೇಳಿದರು. ಹೊರಗಿರುವಾಗ ಮೊಬೈಲ್ ಡೇಟಾ ಬಳಸಿ, ಅಥವಾ ಸಭೆಯನ್ನೇ ಮುಂದೂಡಿ. ಸಭೆಗೆ ಸೇರಿದವರ ಪಟ್ಟಿಯನ್ನು ಕರೆದವರು ಒಬ್ಬೊಬ್ಬರಾಗಿ ನೋಡಬೇಕು, ಹೆಸರು ಗೊತ್ತಾಗದ ನಂಬರ್ ಕಂಡರೆ ಅವರು ಯಾರೆಂದು ತಿಳಿಯುವ ತನಕ ಬಾಯಿ ತೆರೆಯಬಾರದು.

ಕರೆಗಳನ್ನು ರೆಕಾರ್ಡ್ ಮಾಡುತ್ತಿದ್ದರೆ ಆ ಫೈಲುಗಳು ಎಲ್ಲಿವೆ, ಯಾರು ತೆರೆಯಬಲ್ಲರು ಎಂದು ಇವತ್ತೇ ಪರೀಕ್ಷಿಸಿ. ಬೇಡದ್ದನ್ನು ಅಳಿಸಿ.

3. ಮೊಬೈಲಿಗೆ ಬರುವ ಕರೆ

ಕರೆ ಆ್ಯಪ್‌ಗಳನ್ನು ಅಪ್‌ಡೇಟ್ ಮಾಡದೆ ಬಿಡಬೇಡಿ. 2019ರ ಮೇ ತಿಂಗಳಲ್ಲಿ ಬಯಲಾದ ವಾಟ್ಸ್‌ಆ್ಯಪ್ ದೋಷದಲ್ಲಿ ಕರೆ ಎತ್ತುವ ಅಗತ್ಯವೂ ಇರಲಿಲ್ಲ. ಬರೀ ಮಿಸ್ಡ್ ಕಾಲ್ ಮೂಲಕ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶ ಫೋನಿನೊಳಗೆ ಹೋಗುತ್ತಿತ್ತು. ಗುರಿಯಾದ ಸುಮಾರು 1,400 ಜನರಲ್ಲಿ ಭಾರತದ ಪತ್ರಕರ್ತರು, ಮಾನವ ಹಕ್ಕು ಹೋರಾಟಗಾರರೂ ಇದ್ದರು. ಅದೇ ವರ್ಷ ಜನವರಿಯಲ್ಲಿ ಆ್ಯಪಲ್‌ನ ಗ್ರೂಪ್ ಫೇಸ್‌ಟೈಮ್‌ನಲ್ಲಿ, ಅತ್ತ ಕರೆ ಎತ್ತುವ ಮೊದಲೇ ಅಲ್ಲಿನ ಸದ್ದು ಇತ್ತ ಕೇಳುವ ದೋಷ ಸಿಕ್ಕಿತು. ಗೂಗಲ್‌ನ ಸಂಶೋಧಕಿ ನತಾಲಿ ಸಿಲ್ವನೊವಿಚ್ ಬೇರೆ ಆ್ಯಪ್‌ಗಳನ್ನೂ ಪರೀಕ್ಷಿಸಿದಾಗ ಸಿಗ್ನಲ್, ಫೇಸ್‌ಬುಕ್ ಮೆಸೆಂಜರ್, ನಮ್ಮ ದೇಶದ ಜಿಯೋಚಾಟ್‌ಗಳಲ್ಲೂ ಇದೇ ಬಗೆಯ ದೋಷ ಇದ್ದದ್ದು ಕಂಡಿತು. ಎಲ್ಲವೂ ಸರಿಯಾಗಿವೆ, ಅಪ್‌ಡೇಟ್ ಮಾಡಿಕೊಂಡವರಿಗೆ.

ವಾಟ್ಸ್‌ಆ್ಯಪ್‌ನ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಆನ್ ಮಾಡಿ. ಅಲ್ಲೇ ಅಡ್ವಾನ್ಸ್‌ಡ್ ಒಳಗೆ ‘ಪ್ರೊಟೆಕ್ಟ್ ಐಪಿ ಅಡ್ರೆಸ್ ಇನ್ ಕಾಲ್ಸ್’ ಇದೆ, ಅದನ್ನೂ ಆನ್ ಮಾಡಿದರೆ ನೀವು ಯಾವ ಊರಿನಲ್ಲಿದ್ದೀರಿ ಎಂದು ಅಂದಾಜಿಸಲು ಅತ್ತಲಿನವರಿಗೆ ಐಪಿ ವಿಳಾಸ ಸಿಗುವುದಿಲ್ಲ. ಆರಂಕಿಯ ಪಿನ್ ಕೇಳುವ ಟೂ ಸ್ಟೆಪ್ ವೆರಿಫಿಕೇಷನ್ ಎಲ್ಲರಿಗೂ ಕಡ್ಡಾಯ. ಮನೆಯ ಹಿರಿಯರ ಫೋನಿನಲ್ಲಿ ಈ ಮೂರನ್ನೂ ಮಕ್ಕಳೋ ಮೊಮ್ಮಕ್ಕಳೋ ಕೂತು ಮಾಡಿಕೊಡಬೇಕು.

ಪರದೆಯ ಮೇಲೆ ಕಂಡ ನಂಬರನ್ನೂ ಮುಖವನ್ನೂ ಖಾಕಿ ಬಟ್ಟೆಯನ್ನೂ ಸಾಕ್ಷಿಯೆಂದು ಒಪ್ಪಬೇಡಿ. ಇಂಟರ್ನೆಟ್ ಕರೆಯಲ್ಲಿ ಮೂರನ್ನೂ ಕಟ್ಟಿ ತೋರಿಸಬಹುದು. ವಿದೇಶದಿಂದ ಬಂದ ಕರೆಯಲ್ಲಿ ಭಾರತದ ನಂಬರ್ ಕಾಣಿಸುವುದು ಎಷ್ಟು ವ್ಯಾಪಕವಾಗಿತ್ತೆಂದರೆ, 2024ರ ಅಕ್ಟೋಬರ್‌ನಲ್ಲಿ ಅದನ್ನು ತಡೆಯುವ ವ್ಯವಸ್ಥೆ ಶುರುವಾದ ಮೊದಲ 24 ಗಂಟೆಯಲ್ಲೇ 1.35 ಕೋಟಿ ಕರೆಗಳು ಗುರುತಾದವು ಎಂದು ದೂರಸಂಪರ್ಕ ಇಲಾಖೆ ಹೇಳಿತು. ಆ್ಯಪ್‌ನೊಳಗಿನ ಕರೆಗಳಿಗೆ ಆ ಜರಡಿ ಇಲ್ಲ.

ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರು, ಸಿಬಿಐ, ಇ.ಡಿ., ಆರ್‌ಬಿಐ, ಕಸ್ಟಮ್ಸ್ ಯಾರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಕ್ಯಾಮೆರಾ ಆರಿಸಬೇಡ ಎನ್ನುವುದಿಲ್ಲ, ಪರಿಶೀಲನೆಗೆಂದು ಹಣ ತರಿಸಿಕೊಳ್ಳುವುದಿಲ್ಲ. ವಿಜಯಪುರದವರೊಬ್ಬರಿಗೆ ಬಂದ ಇಂಥ ಕರೆಯ ಧ್ವನಿಯನ್ನು ಪ್ರಧಾನಿ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಇಡೀ ದೇಶಕ್ಕೆ ಕೇಳಿಸಿದರು. ಆದರೂ 2025ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದಾಖಲಾದ ದೂರೊಂದರಲ್ಲಿ ಒಬ್ಬ ಮಹಿಳೆ ಕಳೆದುಕೊಂಡ ಮೊತ್ತ ₹31.83 ಕೋಟಿ. ತಿಂಗಳುಗಟ್ಟಲೆ ಸ್ಕೈಪ್‌ನಲ್ಲಿ ಅವರ ಮೇಲೆ ಕಣ್ಣಿಟ್ಟಿದ್ದರು. ಓದಿದವರು ಹೇಗೆ ಮೋಸ ಹೋದರು ಎಂದು ಕೇಳುವವರಿಗೆ ಒಂದು ಮಾತು: ಓದು ಇಲ್ಲಿ ಕಾಪಾಡುವುದಿಲ್ಲ. ಭಯ ಹುಟ್ಟಿಸಿ, ಮನೆಯವರಿಗೂ ಹೇಳಬೇಡ ಎಂದು ಒಂಟಿ ಮಾಡಿ, ಯೋಚಿಸಲು ಒಂದು ಗಂಟೆಯ ಬಿಡುವೂ ಕೊಡದಿರುವುದೇ ಆ ವಂಚನೆಯ ಕ್ರಮ. ಆದ್ದರಿಂದ ‘ಯಾರಿಗೂ ಹೇಳಬೇಡಿ’ ಎಂಬ ಮಾತು ಕಿವಿಗೆ ಬಿದ್ದ ತಕ್ಷಣ ಕರೆ ಕಟ್ ಮಾಡಿ, ಪಕ್ಕದಲ್ಲಿರುವವರಿಗೆ ಹೇಳಿಬಿಡಿ. ಅಮ್ಮನಿಗೋ ನೆರೆಮನೆಯವರಿಗೋ, ಯಾರಾದರೂ ಸರಿ. ನಾಚಿಕೆ ಬೇಡ.

ಅಪರಿಚಿತರ ಕರೆಯಲ್ಲಿ ಸ್ಕ್ರೀನ್ ಶೇರ್ ಮಾಡಕೂಡದು, ರೀಫಂಡ್ ಕೊಡಿಸುತ್ತೇವೆ ಎಂದರೂ ಕೂಡದು. ನಿಮ್ಮ ಪರದೆ ಕಾಣುವವನಿಗೆ ಬ್ಯಾಂಕಿನ ಒಟಿಪಿಯೂ ಕಾಣುತ್ತದೆ.

ಮಗನ ದನಿಯಲ್ಲಿ, ಸಾಹೇಬರ ದನಿಯಲ್ಲಿ ತುರ್ತಾಗಿ ಹಣ ಕೇಳಿದರೆ ಕಟ್ ಮಾಡಿ, ನಿಮ್ಮಲ್ಲಿ ಮೊದಲೇ ಇರುವ ನಂಬರಿಗೆ ನೀವೇ ತಿರುಗಿ ಕರೆ ಮಾಡಿ. ದನಿಯನ್ನು ನಕಲು ಮಾಡುವುದು ಈಗ ಸುಲಭವಾಗಿದೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುರುತಿನ ಮಾತು ಇಟ್ಟುಕೊಳ್ಳಿ. ಕಚೇರಿಯಲ್ಲಿ, ಕರೆಯ ಮಾತಿನ ಮೇಲೆ ಮಾತ್ರ ಹಣ ವರ್ಗಾಯಿಸಕೂಡದೆಂದು ಅಕೌಂಟ್ಸ್ ವಿಭಾಗಕ್ಕೆ ಬರಹದಲ್ಲಿ ಕೊಡಿ. ಯಜಮಾನರೇ ಬೈದರೂ ಅವರು ಆ ನಿಯಮ ಮುರಿಯಬಾರದು, ಬೈದ ಯಜಮಾನರು ಆಮೇಲೆ ಅವರ ಬೆನ್ನಿಗೆ ನಿಲ್ಲಬೇಕು.

ಯಾರಾದರೂ ಹೇಳಿದರೆಂದು *401* ರಿಂದ ಶುರುವಾಗುವ ಕೋಡ್ ಒತ್ತಬೇಡಿ. ನಿಮ್ಮ ಕರೆಗಳು ಅವರ ಫೋನಿಗೆ ತಿರುಗುತ್ತವೆ, ಕರೆಯಲ್ಲಿ ಬರುವ ಒಟಿಪಿಯೂ ಅವರಿಗೇ ಹೋಗಿ ನಿಮ್ಮ ವಾಟ್ಸ್‌ಆ್ಯಪ್ ಅವರ ಪಾಲಾಗುತ್ತದೆ. ಒತ್ತಿಬಿಟ್ಟಿದ್ದರೆ ##002# ಒತ್ತಿ ಎಲ್ಲ ಫಾರ್ವರ್ಡಿಂಗ್ ರದ್ದು ಮಾಡಿ.

4. ಜಾಗ ಬಾಡಿಗೆಗೆ ಕೇಳಿದರೆ

‘ಒಂದು ಯಂತ್ರ ಇಡಬೇಕು, ಇಂಟರ್ನೆಟ್ ಮತ್ತು ಕರೆಂಟ್ ಇದ್ದರೆ ಸಾಕು, ತಿಂಗಳಿಗೆ ಒಳ್ಳೆಯ ಬಾಡಿಗೆ’ ಎಂದು ಬಂದವರಿಗೆ ಕೋಣೆ ಕೊಡಬೇಡಿ. ಹತ್ತಾರು ಸಿಮ್ ಹಿಡಿಸುವ ಸಿಮ್ ಬಾಕ್ಸ್ ಅದು. ವಿದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆಯನ್ನು ಸ್ಥಳೀಯ ಮೊಬೈಲ್ ಕರೆಯ ವೇಷ ತೊಡಿಸಿ ದಾಟಿಸುತ್ತದೆ. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು ಸೇನೆಯ ಗುಪ್ತಚರ ವಿಭಾಗದ ಜೊತೆ ಸೇರಿ ಇಂಥ ಅಕ್ರಮ ಎಕ್ಸ್‌ಚೇಂಜ್ ಹಿಡಿದರು. ನಿಮ್ಮ ಹೆಸರಿನ ಸಿಮ್ ಯಾರಿಗೂ ಕೊಡಬೇಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸಂಚಾರ್ ಸಾಥಿ ತಾಣದಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ.

5. ಕರೆಂಟ್ ಹೋದಾಗ

ಐಪಿ ಫೋನೊಂದನ್ನೇ ನಂಬಿ ಎಲ್ಲ ಹಳೆಯ ಲೈನ್ ತೆಗೆಸಬೇಡಿ. ರೂಟರ್ ಆರಿದರೆ ಫೋನೂ ಆರುತ್ತದೆ. ವಾಟ್ಸ್‌ಆ್ಯಪ್‌ನಿಂದ 112ಕ್ಕೆ ಕರೆ ಹೋಗುವುದಿಲ್ಲ. ಸೇವೆ ಕೊಡುವ ಕಂಪನಿಯೇ ಬಿದ್ದುಹೋಗಬಹುದು. ಕೆನಡಾದ ವಾಯ್ಪ್ ಡಾಟ್ ಎಂಎಸ್ ಕಂಪನಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ಸುಲಿಗೆಕೋರರು ಸುಳ್ಳು ಸಂಚಾರದಿಂದ ಮುಳುಗಿಸಿದಾಗ ಅದರ ಗ್ರಾಹಕರು ದಿನಗಟ್ಟಲೆ ಫೋನಿಲ್ಲದೆ ಪರದಾಡಿದರು. ನರ್ಸಿಂಗ್ ಹೋಂಗಳು ರೂಟರಿಗೆ ಯುಪಿಎಸ್ ಕೊಡಲೇಬೇಕು, ಒಂದು ಮಾಮೂಲು ಮೊಬೈಲನ್ನು ಚಾರ್ಜ್ ಮಾಡಿ ರಿಸೆಪ್ಷನ್‌ನಲ್ಲಿ ಇಟ್ಟಿರಲೇಬೇಕು.

6. ಅನಾಹುತ ಆಗಿದ್ದರೆ

ಹಣ ಹೋಗಿದ್ದರೆ ಮೊದಲು 1930ಕ್ಕೆ ಕರೆ ಮಾಡಿ. ಬ್ಯಾಂಕ್ ತೆರೆಯಲಿ, ಮಗ ಬರಲಿ ಎಂದು ಕಾಯಬೇಡಿ, ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದೂರು ದಾಖಲಿಸಿ. ಹಣ ಹೋಗದೆ ಬರೀ ಮೋಸದ ಕರೆ ಬಂದಿದ್ದರೆ ಸಂಚಾರ್ ಸಾಥಿಯ ‘ಚಕ್ಷು’ವಿನಲ್ಲಿ ತಿಳಿಸಿ.

ಎಕ್ಸ್‌ಚೇಂಜಿನಿಂದ ಗೊತ್ತಿಲ್ಲದ ಕರೆ ಹೋಗುತ್ತಿರುವುದು ಕಂಡರೆ ಇಂಟರ್ನೆಟ್ ಕೇಬಲ್ ಕೀಳಿ. ಲೈನ್ ಕೊಟ್ಟ ಕಂಪನಿಗೆ ಕರೆ ಮಾಡಿ ಹೊರಕರೆ ನಿಲ್ಲಿಸಲು ಹೇಳಿ, ಅದೇ ಗಂಟೆಯಲ್ಲಿ ಇಮೇಲ್ ಕೂಡ ಕಳಿಸಿ, ಬಿಲ್ಲಿನ ತಕರಾರು ಬಂದಾಗ ಆ ಇಮೇಲಿನ ಸಮಯವೇ ಆಧಾರ. ಯಂತ್ರವನ್ನು ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡಿ, ಲಾಗ್ ಮತ್ತು ಕರೆಗಳ ವಿವರವನ್ನು ಬೇರೆ ಪೆನ್‌ಡ್ರೈವ್‌ಗೆ ತೆಗೆದಿಟ್ಟ ಮೇಲೆಯೇ ಹೊಸದಾಗಿ ಹಾಕಿಸಿ. ಹೊಸದಾಗಿ ಹಾಕಿಸುವಾಗ ಹಳೆಯ ಬ್ಯಾಕಪ್ಪನ್ನು ಹಾಗೇ ತುಂಬಿಸಕೂಡದು, ಕಳ್ಳ ಬಿಟ್ಟುಹೋದ ಎಕ್ಸ್‌ಟೆನ್ಷನ್ ಅದರಲ್ಲೇ ಇರಬಹುದು. ಒಂದೊಂದು ಎಕ್ಸ್‌ಟೆನ್ಷನ್ ಯಾರದೆಂದು ಸಿಬ್ಬಂದಿಯನ್ನು ಕೇಳಿ ತಿಳಿದು, ವಾರಸುದಾರರಿಲ್ಲದ್ದನ್ನು ಅಳಿಸಿ, ಉಳಿದವಕ್ಕೆ ಹೊಸ ಪಾಸ್‌ವರ್ಡ್ ಕೊಟ್ಟು ಕೇಬಲ್ ಜೋಡಿಸಿ.